ಪರ್ಮಿಟ್ ರೂಮಿನ ನುಚ್ಚು

ನನಗೆ ಆಗ ಐವತ್ತೊಂಬತ್ತು. ಇದು ಎಂಟು ವರ್ಷದ ಹಿಂದಿನ ಮಾತು. ಅಲ್ಲಿಯ ತನಕ ನನ್ನ ಊಟವೆಂದರೆ ಬೋಗುಣಿಯ ತಳ. ತಳವೆಂದು ಮೂಗು ಮುರಿಯಬೇಡಿ. ಜೋಳದ ನುಚ್ಚು ಬೆಂದು ಇಳಿದ ಮೇಲೆ ಪಾತ್ರೆಯ ಅಡಿಗೆ ಒಂದು ಕೆಂಪು ಪದರ ಹತ್ತಿಕೊಂಡಿರುತ್ತದೆ, ಸೌಟಿನ ಬೆನ್ನಿನಿಂದ ಕೆರೆದರೆ ಹಪ್ಪಳದ ಹಾಗೆ ಏಳುತ್ತದೆ. ಅದರ ಮೇಲೆ ಒಂದಿಷ್ಟು ಮಜ್ಜಿಗೆ ಸುರಿದು, ಉಪ್ಪು ಉದುರಿಸಿ, ಒಂದು ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು, ನಡುನಡುವೆ ಕಡಿದುಕೊಂಡು ಉಂಡರೆ ಅದರ ಸುಖವೇ ಬೇರೆ. ಆದರೂ ತಳ ತಳವೇ. ಎಲ್ಲರೂ ಉಂಡೆದ್ದ ಮೇಲೆ ಉಳಿಯುವಂಥದ್ದು. ಮದುವೆಯಾದಂದಿನಿಂದ ಗಂಡನ ಊಟವಾದ ಮೇಲೆ ನನ್ನದು. ಗಂಡ ಹೋದ ಮೇಲೆ ಗಿರಾಕಿಗಳ ಊಟವಾದ ಮೇಲೆ ನನ್ನದು. ಉಣ್ಣುವವರು ಬದಲಾದರು, ನನ್ನ ಸರದಿ ಮಾತ್ರ ಇದ್ದಲ್ಲೇ ಇತ್ತು. ಅದನ್ನು ನಾನು ದುಃಖವೆಂದು ತಿಳಿದವಳಲ್ಲ. ಕಾಲಿಗೆ ಆರು ಬೆರಳಿದ್ದವರು ದಿನಾ ಅದನ್ನು ಎಣಿಸುತ್ತ ಕೂರುವುದಿಲ್ಲವಲ್ಲ, ಹಾಗೆ.

ಗಿರಾಕಿಗಳೆಂದರೆ ಕುಡಿಯಲು ಬರುವವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ತಿಳಿದು ನೀವು ಓದುವುದನ್ನು ಬಿಡುವುದಾದರೆ ಈಗಲೇ ಬಿಡಿ. ಹೈದರಾಬಾದಿನ ಬಾಲಾನಗರದಲ್ಲಿ, ಲೇಥ್ ಮಶೀನುಗಳು ದಿನವಿಡೀ ಕಿರುಗುಟ್ಟುವ ಒಂದು ಓಣಿಯ ತುದಿಗೆ ವೈನ್ ಶಾಪು. ಅದರ ಬೆನ್ನಿಗೆ ತಗಡಿನ ಚಾವಣಿಯ ಉದ್ದನೆಯ ಕೋಣೆ. ಮುಂದೆ ಕೊಳ್ಳುವುದು, ಹಿಂದೆ ಕೂತು ಕುಡಿಯುವುದು. ಕುಡಿಯುವ ಆ ಕೋಣೆಗೆ ಪರ್ಮಿಟ್ ರೂಮ್ ಎಂದು ಹೆಸರು. ಕೋಣೆಯ ಹಿಂಬದಿ ನನ್ನ ಅಡುಗೆಮನೆ. ನಡುವೆ ಒಂದು ಚೌಕ ಕಿಟಕಿ. ಅದರಿಂದ ನಾನು ತಟ್ಟೆ ಕೊಡುತ್ತಿದ್ದೆ, ಅವರು ಕೈ ಚಾಚಿ ತೆಗೆದುಕೊಳ್ಳುತ್ತಿದ್ದರು. ಕಿಟಕಿಯ ಪಕ್ಕ ಬಾಗಿಲೂ ಇತ್ತು, ಆದರೆ ಕೆಲಸಕ್ಕೆ ಸೇರಿದಾಗಿನಿಂದ ನಾನು ಅದನ್ನು ದಾಟಿ ಆಚೆ ಹೋದವಳಲ್ಲ. ಅದು ಗಂಡಸರ ಜಾಗ. ಬೆಳಿಗ್ಗೆ ಕಸ ಹೊಡೆಯುವವನೂ ಗಂಡಸೇ.

ಅಲ್ಲಿಗೆ ಹೇಗೆ ಬಂದೆ ಎಂಬುದು ದೊಡ್ಡ ಕಥೆಯೇನಲ್ಲ. ನಮ್ಮದು ಆಳಂದದ ಕಡೆಯ ಹಳ್ಳಿ. ಗಂಡ ಇಲ್ಲಿ ವೆಲ್ಡಿಂಗ್ ಕೆಲಸಕ್ಕಿದ್ದ. ಕುಡಿಯುತ್ತಿರಲಿಲ್ಲ, ಬೀಡಿ ಸೇದುತ್ತಿದ್ದ, ಎದೆ ಕಟ್ಟಿ ಹೋದ. ಹೆಣ್ಣುಮಕ್ಕಳ ಮದುವೆ ಆಗಿತ್ತು. ಅಳುವಷ್ಟು ಅತ್ತು, ಕೆಲಸ ಹುಡುಕಿದೆ. ವೈನ್ ಶಾಪಿನ ಮಾಲಕನ ಹೆಸರು ಯಾದಗಿರಿ. ನಮ್ಮ ಕಡೆ ಅದು ಊರಿನ ಹೆಸರು, ಇಲ್ಲಿ ಮನುಷ್ಯರಿಗೆ ಇಡುತ್ತಾರೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ನನ್ನನ್ನು ಪೆದ್ದಮ್ಮ ಎಂದು ಕರೆಯುತ್ತಿದ್ದ. ದೊಡ್ಡಮ್ಮ ಎಂದ ಹಾಗೆ. ಅವನದು ತೆಲುಗು, ನನ್ನದು ಕನ್ನಡ, ನಡುವೆ ಹರಕು ಹಿಂದಿ. ಅವನ ಮಾತನ್ನೆಲ್ಲ ಇಲ್ಲಿ ನಮ್ಮ ಮಾತು ಮಾಡಿ ಹೇಳುತ್ತೇನೆ. ನನಗೆ ಬರುವ ಅಕ್ಷರ ಬಸ್ಸಿನ ಬೋರ್ಡು ಓದುವಷ್ಟು. ಬರೆದುಕೊಂಡವಳು ಮೊಮ್ಮಗಳು, ಸಾಲು ನೆಟ್ಟಗೆ ಮಾಡಿದವಳೂ ಅವಳೇ.

ಕುಡಿಯುವವರಿಗೆ ಜೊತೆಯಲ್ಲಿ ಕೊಡುವ ತಿನಿಸಿಗೆ ಅಲ್ಲಿ ಸ್ಟಫ್ ಎನ್ನುತ್ತಾರೆ. ಬೋಟಿ, ಹುರಿದ ಕಾಳಿಜ, ಬೇಯಿಸಿ ಒಗ್ಗರಣೆ ಹಾಕಿದ ಅಲಸಂದಿ, ಅರ್ಧಕ್ಕೆ ಸೀಳಿ ಖಾರ ಮೆತ್ತಿದ ಮೊಟ್ಟೆ. ಮೊದಲ ದಿನವೇ ಯಾದಗಿರಿ ನನಗೆ ಕಲಿಸಿದ ಪಾಠ ಒಂದೇ: ಉಪ್ಪು ಒಂದು ಹಿಡಿ ಹೆಚ್ಚಿರಬೇಕು, ಖಾರ ಎರಡು ಹಿಡಿ. ನಾಲಿಗೆ ಉರಿದವನು ಗ್ಲಾಸು ಎತ್ತುತ್ತಾನೆ, ಗ್ಲಾಸು ಖಾಲಿಯಾದವನು ಇನ್ನೊಂದು ಬಾಟಲಿಗೆಂದು ಮುಂಬದಿಯ ನಮ್ಮ ಅಂಗಡಿಗೇ ಎದ್ದು ಹೋಗುತ್ತಾನೆ. ಅನ್ನ, ಮುದ್ದೆ, ಮೊಸರು ಇವು ಅಲ್ಲಿ ವೈರಿಗಳು. ಬಿಸಿ ಅನ್ನ ಹೊಟ್ಟೆಗೆ ಬಿದ್ದವನಿಗೆ ಮನೆ ನೆನಪಾಗುತ್ತದೆ, ನಿದ್ದೆ ಬರುತ್ತದೆ, ವ್ಯಾಪಾರ ನಿಲ್ಲುತ್ತದೆ. ನನಗೆ ಅದು ಸರಿಯೆಂದೂ ಕಾಣಲಿಲ್ಲ, ತಪ್ಪೆಂದೂ ಕಾಣಲಿಲ್ಲ. ಅಂಗಡಿ ಅವನದು. ಅವನು ಹೇಳಿದಷ್ಟು ಉಪ್ಪು ಹಾಕಿದೆ.

ನನಗಾಗಿ ಮಾತ್ರ ಮೂಲೆಯ ಸಣ್ಣ ಒಲೆಯ ಮೇಲೆ ನುಚ್ಚು ಇಡುತ್ತಿದ್ದೆ; ಕೊನೆಯ ಗಿರಾಕಿ ಎದ್ದು ನಾನು ಉಣ್ಣುವ ಹೊತ್ತಿಗೆ ಅದು ಆರಿ ತಳ ಹತ್ತಿರುತ್ತಿತ್ತು. ಪುಂಡಿ ಸೊಪ್ಪು ಸಿಕ್ಕ ದಿನ ಪಲ್ಯ. ಪುಂಡಿ ಎಂದರೆ ತೆಲುಗಿನವರ ಗೋಂಗೂರ. ಅವರು ಅದನ್ನು ಎಣ್ಣೆಯಲ್ಲಿ ಮುಳುಗಿಸಿ ಚಟ್ನಿ ಮಾಡುತ್ತಾರೆ. ನಾವು ತೊಗರಿಬೇಳೆ, ಒಂದು ಮುಷ್ಟಿ ಜೋಳದ ನುಚ್ಚು, ಹಸಿಮೆಣಸಿನಕಾಯಿ ಕೂಡಿಸಿ ಮೆತ್ತಗೆ ಬೇಯಿಸಿ, ಕಟ್ಟಿಗೆಯ ಕಡಗೋಲಿನಿಂದ ಮಸೆದು, ಮೇಲೆ ಶೇಂಗಾ ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗೆ ಸಿಡಿಸಿ ಸುರಿಯುತ್ತೇವೆ. ಆ ಒಗ್ಗರಣೆ ಬಿದ್ದಾಗ ಏಳುವ ವಾಸನೆಗೆ ಗೋಡೆ ಲೆಕ್ಕಕ್ಕಿಲ್ಲ.

ಗೋಡೆ ದಾಟಿದ ವಾಸನೆಯನ್ನು ಹಿಡಿದವನು ಶರಣಪ್ಪ. ನಲವತ್ತೈದರ ಗಂಡಸು, ಸರಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್, ಹುಮನಾಬಾದಿನ ಕಡೆಯವನು. ಸಂಜೆ ಶಿಫ್ಟ್ ಬಿಟ್ಟ ಮೇಲೆ ಬಂದು, ಮೂಲೆಯ ಮೇಜಿನಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಒಂದು ದಿನ ಅವನ ತಲೆ ಕಿಟಕಿಯಲ್ಲಿ ತೂರಿತು.

“ಆಯಿ, ಅದು ಪುಂಡಿಪಲ್ಲೆ ಅಲ್ಲೇನ್ರಿ?”

“ಹೌದು. ಮಾರಾಕಲ್ಲ. ನನಗ ಮಾಡ್ಕೊಂಡೀನಿ.”

“ಒಂದ ತುತ್ತ ಕೊಡ್ರಿ. ನೆಲದಾಗ ಹಾಕಿದ್ರೂ ತಿಂತೀನಿ.”

ನೆಲದಲ್ಲಿ ಹಾಕುವುದೇಕೆ, ತಟ್ಟೆಯಲ್ಲೇ ಹಾಕಿದೆ. ಅವನು ನಿಂತುಕೊಂಡೇ ಉಂಡ, ಕೈ ನೆಕ್ಕಿದ, ಎರಡನೇ ಸಲ ಮಜ್ಜಿಗೆ ಹಾಕಿಸಿಕೊಂಡ, ಬಾಟಲಿಯಲ್ಲಿ ಉಳಿದದ್ದನ್ನು ಪಕ್ಕದವನಿಗೆ ಕೊಟ್ಟು ಎದ್ದು ಹೋದ. ಮರುದಿನ ಅವನ ಜೊತೆ ಇನ್ನಿಬ್ಬರು ಕಿಟಕಿಗೆ ಬಂದರು. ಆಮೇಲೆ ದೊಡ್ಡ ಬೋಗುಣಿ ಇಡಬೇಕಾಯಿತು. ಯಾದಗಿರಿ ಮೊದಲು ಬೈದ.

“ಪೆದ್ದಮ್ಮಾ, ಹೊಟ್ಟಿ ತುಂಬಿದವ ಇನ್ನೊಂದ ಬಾಟ್ಲಿ ಯಾಕ ತರ್ತಾನ? ನನ್ನ ಅಂಗಡಿ ಮುಚ್ಚಸ್ತೀಯೇನು?”

“ಹೊಟ್ಟಿ ಕೆಟ್ಟವ ನಾಳೆ ಬರೂದ ಇಲ್ಲ. ಅದಕಿಂತ ಇದು ಬೇಸ,” ಎಂದೆ.

ಅವನು ವ್ಯಾಪಾರಸ್ಥ, ತಿಂಗಳೊಪ್ಪತ್ತಿನಲ್ಲಿ ಅವನಿಗೇ ತಿಳಿಯಿತು. ಒಬ್ಬೊಬ್ಬನು ಕುಡಿಯುವುದು ಕಡಿಮೆಯಾಗಿತ್ತು, ಆದರೆ ಬರುವವರು ಹೆಚ್ಚಿದ್ದರು. ದೊಡ್ಡ ಹೋಟೆಲಿನಲ್ಲಿ ಒಂದು ಊಟಕ್ಕೆ ಕೊಡುವ ದುಡ್ಡಿಗೆ ಇಲ್ಲಿ ಇಡೀ ವಾರ ಉಣ್ಣಬಹುದಿತ್ತು. ಯಾದಗಿರಿ ಒಬ್ಬ ಪೇಂಟರನನ್ನು ಕರೆದು, ಪರ್ಮಿಟ್ ರೂಮಿನ ಬಾಗಿಲ ಮೇಲೆ ಹಳದಿ ಬಣ್ಣದಲ್ಲಿ ತೆಲುಗಿನಲ್ಲಿ ಬರೆಸಿದ: ಇಂಟಿ ಭೋಜನಂ. ಮನೆಯೂಟ.

ಆ ಬೋರ್ಡಿನ ಬಗ್ಗೆ ನಾನು ಆಗ ಬಹಳ ಯೋಚನೆ ಮಾಡಿದ್ದುಂಟು. ಸೊಪ್ಪು ಬಿಡಿಸುವಾಗ ಕೈಗೆ ಕೆಲಸವಿರುತ್ತದೆ, ತಲೆಗೆ ಇರುವುದಿಲ್ಲ. ಮನೆಯಲ್ಲಿ ಉಣ್ಣುವವರು ಯಾರಾದರೂ ಅದನ್ನು ಮನೆಯೂಟ ಎನ್ನುತ್ತಾರೆಯೇ? ನಮ್ಮವ್ವ ಹಾಕಿದ್ದನ್ನು ನಾವು ಉಂಡೆವು, ಅಷ್ಟೇ. ಉಪ್ಪಿಲ್ಲ ಎಂದರೆ ಸೌಟು ತೋರಿಸುತ್ತಿದ್ದಳು. ಮನೆಯೂಟ ಎಂಬ ಮಾತು ಹುಟ್ಟುವುದೇ ಮನೆಯ ಹೊರಗೆ, ಲಾಡ್ಜಿನಲ್ಲಿ, ಆಸ್ಪತ್ರೆಯ ಎದುರಿನ ಬಂಡಿಯಲ್ಲಿ, ರೈಲ್ವೆ ಸ್ಟೇಶನ್ನಿನ ಬಾಗಿಲಲ್ಲಿ. ಅದನ್ನು ಕೇಳಿಕೊಂಡು ಬರುವವರ ಮುಖ ನೀವು ನೋಡಬೇಕು. ಎಂಥೆಂಥ ಗಡಸು ಗಂಡಸರು, ಕಬ್ಬಿಣ ಬಗ್ಗಿಸುವವರು, ಮೂತ್ರಕ್ಕೆ ಹೋಗುವುದಕ್ಕೂ ಬೈಗುಳದೊಂದಿಗೆ ಏಳುವವರು, ತಟ್ಟೆ ಮುಂದೆ ಬಂದ ಕೂಡಲೇ ಬೆನ್ನು ಬಾಗಿಸಿ, ಎಡಗೈಯನ್ನು ತಟ್ಟೆಯ ಸುತ್ತ ಕಟ್ಟೆ ಕಟ್ಟಿದ ಹಾಗೆ ಇಟ್ಟು, ಮಾತು ಬಿಟ್ಟು ಉಣ್ಣುತ್ತಿದ್ದರು. ನಮ್ಮವ್ವ ಮಾಡಿದ ಹಾಗೇ ಇದೆ ಎಂದು ಅತ್ತವರಿದ್ದಾರೆ. ಕುಡಿದದ್ದು ಸಾಕು, ಕೈ ತೊಳೆ ಎಂದು ಎಬ್ಬಿಸಿದ್ದೇನೆ. ಅವರ ಅವ್ವಂದಿರನ್ನು ನಾನು ಕಂಡವಳಲ್ಲ. ನುಚ್ಚಿಗೆ ಬೇಕಾದದ್ದು ನೀರು, ಉಪ್ಪು, ಸಣ್ಣ ಉರಿ. ಅವ್ವಂದಿರೂ ಅದನ್ನೇ ಹಾಕಿರುತ್ತಾರೆ.

ಆದರೂ ಸುಳ್ಳು ಹೇಳಲಾರೆ, ಕಿಟಕಿಯಿಂದ ಅದನ್ನು ನೋಡುವುದು ನನಗೆ ಇಷ್ಟವಾಗುತ್ತಿತ್ತು. ಗಂಡ ಉಣ್ಣುವಾಗ ಎದುರು ನಿಂತು ಬಡಿಸಿದ ಕೈ. ಉಣ್ಣುವ ಗಂಡಸಿನ ನೆತ್ತಿ ನೋಡಿದರೆ ಅದಕ್ಕೆ ಸಮಾಧಾನ. ಅವರಲ್ಲೆಲ್ಲ ಶರಣಪ್ಪನ ನೆತ್ತಿ ನನಗೆ ಚೆನ್ನಾಗಿ ಗೊತ್ತಾಗಿತ್ತು, ನಡುವೆ ಬೆಳ್ಳಿ ನಾಣ್ಯದಷ್ಟು ಬೋಳು. ಕ್ರಮೇಣ ಅವನ ಕುಡಿತ ಬರೀ ನೆಪವಾಯಿತು. ಅರ್ಧ ಗ್ಲಾಸು ಮುಂದಿಟ್ಟುಕೊಂಡು ನುಚ್ಚಿಗಾಗಿ ಕಾಯುತ್ತಿದ್ದ. ಇವನೊಬ್ಬನನ್ನಾದರೂ ಕುಡಿತದಿಂದ ಊಟಕ್ಕೆ ತಂದೆನಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. ಊಟದ ಇನ್ನೊಂದು ತುದಿಯಲ್ಲಿ ಯಾರಿದ್ದಾರೆಂದು ನಾನೇಕೆ ನೋಡಲಿ?

ಒಂದು ಮಧ್ಯಾಹ್ನ ಆ ತುದಿ ತಾನೇ ನಡೆದು ಬಂತು. ಅಂಗಡಿಗೆ ಜನ ಬರುವ ಹೊತ್ತಾಗಿರಲಿಲ್ಲ. ನಾನು ಹಿತ್ತಲ ಬಾಗಿಲಲ್ಲಿ ಕೂತು ಪುಂಡಿ ಬಿಡಿಸುತ್ತಿದ್ದೆ. ಅಚ್ಚುಕಟ್ಟಾಗಿ ಸೀರೆ ಉಟ್ಟ ಒಬ್ಬ ಹೆಂಗಸು ನೀರಿನ ಡ್ರಮ್ಮಿನ ಪಕ್ಕ ಬಂದು ನಿಂತಳು. ಕೈಯಲ್ಲಿ ಚೀಲ, ಮುಖದಲ್ಲಿ ಯುದ್ಧ.

“ಇಲ್ಲಿ ಅಡಗಿ ಮಾಡಾಕಿ ಯಾರರಿ?”

“ನಾನ.”

ಅವಳು ನನ್ನ ತಲೆಯ ಮೇಲಿಂದ ಒಳಗೆ ಇಣುಕಿದಳು. “ನೀವಲ್ಲರಿ. ಇನ್ನೊಬ್ಬಾಕಿ.”

“ಇನ್ನೊಬ್ಬಾಕಿ ಇದ್ದಿದ್ರ ನಾ ಯಾಕ ಈ ವಯಸ್ಸಿನಾಗ ಸೊಪ್ಪು ಬಿಡಸ್ತಿದ್ದೆ? ಯಾರವ್ವ ನೀ?”

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಿಳಿ ಕೂದಲು, ಮುಂದಿನ ಎರಡು ಹಲ್ಲಿಲ್ಲದ ಬಾಯಿ, ಅರಿಶಿನ ಹತ್ತಿದ ಸೆರಗು. ಅವಳ ಮುಖದಲ್ಲಿ ಮೊದಲು ನಿರಾಳ ಕಂಡಿತು, ಅದರ ಹಿಂದೆಯೇ ಅವಮಾನವೂ ಕಂಡಿತು. ಚೆಲುವೆಯೊಬ್ಬಳ ಜೊತೆ ಜಗಳವಾಡಲು ತಯಾರಾಗಿ ಬಂದು ಮುದುಕಿಯ ಎದುರು ನಿಂತರೆ ಯಾರಿಗಾದರೂ ಹಾಗೇ. ಹೆಸರು ನೀಲಮ್ಮ ಎಂದಳು. ಶರಣಪ್ಪನ ಹೆಂಡತಿ.

“ಗೊತ್ತಾತು ಬಿಡು. ಎರಡ ಸಲ ಮಜ್ಜಿಗಿ ಹಾಕಿಸ್ಕೊಳ್ಳಾವ.”

“ಕುಡದ ಬಂದಿದ್ರ ನಾ ಇಲ್ಲಿ ತನಕ ಬರ್ತಿದ್ದಿಲ್ಲರಿ,” ಎಂದಳು. “ಕಾರ್ಖಾನಿ ದುಡಿತ, ಒಂದಿಷ್ಟ ಕುಡೀತಾರ, ಮಲಗ್ತಾರ. ಆದ್ರ ಅವರ ಕೈಯಾಗಿಂದ ಪುಂಡಿಪಲ್ಲೆ ವಾಸನಿ ಬಂತು. ದಿನಾ ಬಂತು. ಬಳ್ಳೊಳ್ಳಿ ಒಗ್ಗರಣಿ. ಸೋಪ್ ಹಚ್ಚಿ ತೊಳದ್ರೂ ಹೋಗಿಲ್ಲ. ಅದು ಹೋಟೆಲ್ ಕೈ ಅಲ್ಲರಿ, ಯಾವಾಕಿದೋ ಮನಿ ಕೈ. ಯಾವಾಕಿ ಮನಿಯಾಗ ಉಂಡ ಬರ್ತಾರ ಅಂತ ಹುಡಿಕ್ಯಾಡಿದೆ. ನಿನ್ನೆ ಅವರ ಹಿಂದ ಬಂದ್ರ, ಇಲ್ಲಿ ಹೊಕ್ಕರು.”

ನನಗೆ ನಗು ಬಂತು, ನಕ್ಕೆ. ಅವಳು ನಗಲಿಲ್ಲ. ಡ್ರಮ್ಮಿನ ಪಕ್ಕದ ಕಲ್ಲಿನ ಮೇಲೆ ಕೂತು, ಕೇಳದಿದ್ದರೂ ಹೇಳಿದಳು. ಮದುವೆಯಾಗಿ ಬಂದಾಗ ಮನೆಯಲ್ಲಿ ಪುಂಡಿ, ನುಚ್ಚು, ಹಿಂಡಿ ಚಟ್ನಿ ಎಲ್ಲವನ್ನೂ ಮಾಡುತ್ತಿದ್ದಳಂತೆ. ಕಾರ್ಖಾನೆಯ ಕಾಲೊನಿಯಲ್ಲಿ ಮನೆ ಸಿಕ್ಕ ಮೇಲೆ, ಮೂರು ವರ್ಷದ ಹಿಂದೆ ಒಮ್ಮೆ ಮಗಳ ಹುಟ್ಟುಹಬ್ಬಕ್ಕೆ ನೆರೆಹೊರೆಯವರು ಬಂದಾಗ, ಒಲೆಯ ಮೇಲಿದ್ದ ನುಚ್ಚು ನೋಡಿ ಯಾರೋ ಒಬ್ಬಾಕೆ, ಇದು ದನಕ್ಕೆ ಇಡುವುದಲ್ಲವೇ ಎಂದು ಕೇಳಿದಳಂತೆ. ಕೆಟ್ಟ ಮನಸ್ಸಿನಿಂದ ಕೇಳಿರಲಿಕ್ಕಿಲ್ಲ. ಆದರೆ ಬಂದವರು ಹೋದ ಮೇಲೆ ಶರಣಪ್ಪ ಹೇಳಿದನಂತೆ, ಇನ್ನು ಮೇಲೆ ನಮ್ಮ ಮನೆಯಲ್ಲಿ ಇದು ಬೇಡ. ಅಂದಿನಿಂದ ಸಾರು, ಅನ್ನ, ಬೀನ್ಸ್ ಪಲ್ಯ, ಚಪಾತಿ. ಅವಳು ಮಾಡಿದಳು, ಅವನು ಮಾತಾಡದೆ ಉಂಡ. ಈಗ ಕೆಲವು ತಿಂಗಳಿಂದ ಅದೂ ಇಲ್ಲ. ಬರುತ್ತಾನೆ, ಹಸಿವಿಲ್ಲ ಎನ್ನುತ್ತಾನೆ, ಮಲಗುತ್ತಾನೆ.

“ನೀ ಉಣ್ತೀಯೋ ಇಲ್ಲೋ?” ಎಂದು ಕೇಳಿದೆ.

“ಅವರು ಉಣ್ಣದ ನಾ ಹೆಂಗ ಉಣ್ಲಿರಿ? ಮುಚ್ಚಿಡ್ತೀನಿ. ಮುಂಜಾನೆ ಆಕಳಿಗೆ ಹಾಕ್ತೀನಿ.”

ಅಷ್ಟು ಹೊತ್ತಿಗೆ ನಾನು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದ್ದೆ. ಕಿಟಕಿಯ ಈಚೆ ನಾನು ಅವನಿಗೆ ಎರಡನೇ ಸಲ ಮಜ್ಜಿಗೆ ಹಾಕುತ್ತ ಹೆಮ್ಮೆಪಟ್ಟ ಅಷ್ಟೂ ಸಂಜೆಗಳಲ್ಲಿ, ಇನ್ನೊಂದು ಮನೆಯಲ್ಲಿ ಈ ಹೆಂಗಸು ಮುಚ್ಚಿಟ್ಟ ಪಾತ್ರೆಯ ಮುಂದೆ ಕೂತಿದ್ದಳು. ಅವಳ ರವಿಕೆಯ ತೋಳು ಸಡಿಲವಾಗಿತ್ತು, ಬಳೆಗಳು ಮೊಣಕೈ ತನಕ ಸರಿಯುತ್ತಿದ್ದವು. ನನಗೆ ಅವನ ಮೇಲೆ ಸಿಟ್ಟು ಬಂತು, ಅವಳ ಮೇಲೂ ಬಂತು. ಅದು ಅವಳೊಬ್ಬಳ ಹುಚ್ಚಲ್ಲ. ನಾನೂ ಮೂವತ್ತು ವರ್ಷ ಹಾಗೇ ಕೂತವಳು. ಅದಕ್ಕೇ ಸಿಟ್ಟು ಹೆಚ್ಚಾಯಿತೋ ಏನೋ.

“ಏಳು. ಒಳಗ ಬಾ. ನಿನ್ನೆದು ಪಲ್ಲೆ ಐತಿ, ಬಿಸಿ ಮಾಡ್ತೀನಿ, ಉಣ್ಣು.”

“ಒಲ್ಲೆರಿ.”

“ನಿನ್ನ ಗಂಡ ಇಲ್ಲೇ ಉಣ್ತಾನ. ಅಂವಾ ಉಂಡಿದ್ದು ನಿನಗ ಆಗಂಗಿಲ್ಲೇನು?”

“ಅವರದು ಊಟ ಆಗಿಲ್ಲಲ್ರಿ ಇವತ್ತ,” ಎಂದಳು. ಅವಳ ಹಟಕ್ಕೆ ನಾನು ಏನು ಮಾಡಲಿ? ಆದರೆ ರುಚಿ ನೋಡುವುದು ಊಟವಲ್ಲ. ಒಳಗೆ ಬಂದು ಅಂಗೈ ಚಾಚಿದಳು. ಸೌಟಿನ ತುದಿಯಿಂದ ಒಂದಿಷ್ಟು ಹಾಕಿದೆ. ನೆಕ್ಕಿ, ಸೂರು ನೋಡುತ್ತ ನಾಲಿಗೆ ಚಪ್ಪರಿಸಿದಳು.

“ಮೆಂತ್ಯೆ ಹಾಕಿಲ್ಲ ನೀವು.”

“ನಲವತ್ತ ವರ್ಷ ಮಾಡೀನಿ ನಾ.”

“ನಲವತ್ತ ವರ್ಷ ಮೆಂತ್ಯೆ ಬಿಟ್ಟ ಮಾಡೀರಿ.”

ಇಂಥವಳನ್ನು ಹಸಿವಿನಲ್ಲಿ ಕೂರಿಸಿದವನ ಬುದ್ಧಿಗೆ ಏನೆನ್ನಬೇಕು ಎಂದುಕೊಂಡು ನಾನು ಒಲೆಯ ಮುಂದಿನಿಂದ ಎದ್ದೆ. ಅವಳು ಸೆರಗು ಸಿಕ್ಕಿಸಿ ಕೂತಳು. ಎಲ್ಲಿದೆ ಏನಿದೆ ಎಂದು ಕೇಳಲಿಲ್ಲ. ಡಬ್ಬಿಗಳನ್ನು ಅಲ್ಲಾಡಿಸಿ ಸದ್ದಿನಲ್ಲೇ ತಿಳಿದುಕೊಂಡಳು. ಚಿಟಿಕೆ ಮೆಂತ್ಯೆಯನ್ನು ಒಣ ಹೆಂಚಿನ ಮೇಲೆ ಹುರಿದು ಕುಟ್ಟಿದಳು. ಬೇಳೆ ಮುರಿಯುವ ತನಕ ಕಾದು, ಸೊಪ್ಪನ್ನು ಕೈಯಿಂದಲೇ ಹರಿದು ಹಾಕಿದಳು. ನುಚ್ಚನ್ನು ನನಗಿಂತ ಸಣ್ಣ ಉರಿಯಲ್ಲಿ ಇಟ್ಟಳು. ಮೂರು ವರ್ಷದಿಂದ ಮಾಡದೆ ಬಿಟ್ಟ ಕೈ ಎಂದು ಯಾರೂ ಹೇಳಲಾರರು. ಆ ದಿನ ನಾನು ಮಸಾಲೆ ರುಬ್ಬುತ್ತ, ಬೋಟಿ ತೊಳೆಯುತ್ತ ಅವಳ ಕೈಕೆಳಗೆ ಕೆಲಸ ಮಾಡಿದೆ. ಬೆಳ್ಳುಳ್ಳಿ ಸಿಡಿಯುವಾಗ ಅವಳ ಹೊಟ್ಟೆ ಗುರುಗುಟ್ಟಿದ್ದು ನನಗೆ ಕೇಳಿಸಿತು, ಅವಳಿಗೂ ಕೇಳಿಸಿತು, ಇನ್ನಷ್ಟು ಜೋರಾಗಿ ಸೌಟು ತಿರುವಿದಳು.

ಸಂಜೆ ಶರಣಪ್ಪ ಬಂದ. ಮೂಲೆಯ ಮೇಜು, ಗೋಡೆಗೆ ಮುಖ, ಅರ್ಧ ಗ್ಲಾಸು. ನೀಲಮ್ಮ ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದಳು. ಕಿಟಕಿಯಿಂದ ಅವನಿಗೆ ಅವಳು ಕಾಣುತ್ತಿರಲಿಲ್ಲ. ತಟ್ಟೆಗೆ ಅವಳೇ ಬಡಿಸಿದಳು. ಮಧ್ಯೆ ಗುಳಿ ಮಾಡಿ ಪಲ್ಯ, ಸುತ್ತ ನುಚ್ಚು, ಅಂಚಿಗೆ ಉಳ್ಳಾಗಡ್ಡಿ. ನಾನು ಕಿಟಕಿಯಿಂದ ಕೊಟ್ಟೆ. ನಿಮ್ಮ ಹಾಗೆ ನಾನೂ ಅಂದುಕೊಂಡಿದ್ದೆ, ಮೊದಲ ತುತ್ತಿಗೆ ಅವನಿಗೆ ಗೊತ್ತಾಗುತ್ತದೆ, ಕೈ ನಿಲ್ಲುತ್ತದೆ, ಕಣ್ಣು ತುಂಬುತ್ತದೆ ಎಂದು. ಅವನು ಐದಾರು ತುತ್ತು ಗಬಗಬ ಉಂಡು, ತಿರುಗಿ ಕಿಟಕಿಯ ಕಡೆ ಕೂಗಿದ.

“ಆಯಿ, ಇವತ್ತ ಭಾಳ ಛಲೋ ಆಗೇತಿ ನೋಡ್ರಿ. ಇಂಥಾದ್ದು ಮನ್ಯಾಗ ಎಲ್ಲಿ ಸಿಗಬೇಕು.”

ನಾನು ನೀಲಮ್ಮನ ಮುಖ ನೋಡಲಿಲ್ಲ, ನೋಡುವ ಧೈರ್ಯವಾಗಲಿಲ್ಲ. ಅವಳು ಬಕೆಟ್ಟಿನಿಂದ ಎದ್ದಳು, ಕೈ ಒರೆಸಿಕೊಂಡಳು, ನಾನು ಎಂದೂ ದಾಟದ ಬಾಗಿಲನ್ನು ತಳ್ಳಿಕೊಂಡು ಆಚೆ ಹೋದಳು.

ಒಳಗೆ ಹತ್ತಿಪ್ಪತ್ತು ಗಂಡಸರಿದ್ದರು. ತಲೆಗಳೆಲ್ಲ ಅವಳ ಕಡೆ ತಿರುಗಿದವು. ಒಬ್ಬ ಬಾಟಲಿಯನ್ನು ಮೇಜಿನ ಕೆಳಗೆ ಇಟ್ಟ, ತನ್ನ ಹೆಂಡತಿಯೇ ಬಂದಳೇನೋ ಎಂಬ ಹಾಗೆ. ನೀಲಮ್ಮ ಶರಣಪ್ಪನ ಎದುರಿನ ಬೆಂಚಿನಲ್ಲಿ ಕೂತಳು. ಅವನು ತುತ್ತು ಎತ್ತಿದ ಕೈಯನ್ನು ಎತ್ತಿದಲ್ಲೇ ಹಿಡಿದಿದ್ದ.

“ನೀ… ಇಲ್ಲಿ ಯಾಕ ಬಂದಿ?”

“ಉಣ್ಣಾಕ.”

“ಏಳು, ಮನಿಗೆ ಹೋಗೂನು.”

“ಇಂಥಾದ್ದು ಮನ್ಯಾಗ ಎಲ್ಲಿ ಸಿಗಬೇಕು,” ಎಂದು ಅವನ ಮಾತನ್ನು ಅವನಿಗೇ ಕೊಟ್ಟು, ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ನಮ್ಮ ಕಡೆ ಗಂಡ ಉಂಡು ಬಿಟ್ಟ ತಾಟಿನಲ್ಲೇ ಹೆಂಡತಿ ಉಣ್ಣುವ ರೂಢಿಯಿದೆ. ನೀಲಮ್ಮ ರೂಢಿ ಮುರಿದಳೆಂದು ಯಾರೂ ಹೇಳುವಂತಿಲ್ಲ, ಗಂಡನ ತಾಟಿನಲ್ಲೇ ಉಂಡಳು. ಅವನು ಕೈ ತೊಳೆಯುವ ತನಕ ಕಾಯಲಿಲ್ಲ, ಅಷ್ಟೇ. ಪಕ್ಕದ ಮೇಜಿನವನು ತನ್ನಷ್ಟಕ್ಕೆ, “ಅಯಿಪಾಯೆ,” ಎಂದ; ಮುಗಿದೇ ಹೋಯಿತು ಎಂಬುದಕ್ಕೆ ಅಲ್ಲಿಯ ಮಾತು.

ಮುಂದಿನ ಅಂಗಡಿಯಿಂದ ಯಾದಗಿರಿ ಓಡಿ ಬಂದ. ನೇರ ನನ್ನ ಕಿಟಕಿಗೆ.

“ಪೆದ್ದಮ್ಮಾ, ಏನಿದು? ಇಲ್ಲಿ ಹೆಂಗಸರು ಕುಂದ್ರಂಗಿಲ್ಲ, ಗೊತ್ತಿಲ್ಲೇನು? ಪೊಲೀಸರು ಬಂದ್ರ ನಾ ಏನ ಹೇಳ್ಲಿ?”

“ಆಕಿ ಕುಡಿಯಾಕ ಬಂದಿಲ್ಲ. ಮನಿ ಊಟ ಅಂತ ನೀನ ಬೋರ್ಡ್ ಬರಸೀಯಲ್ಲ, ನೋಡಿ ಬಂದಾಳ.”

ಅವನು ಬಾಗಿಲ ಕಡೆ ನೋಡಿದ, ಬೋರ್ಡು ಹೊರಗಿತ್ತು. ಕೈ ಕಟ್ಟಿ ನಿಂತ.

ನೀಲಮ್ಮ ಅವಸರ ಮಾಡಲಿಲ್ಲ. ಹಲವು ರಾತ್ರಿಗಳ ಊಟ ಬಾಕಿಯಿದ್ದವಳು ಹೇಗೆ ಉಣ್ಣಬೇಕೋ ಹಾಗೆ ಉಂಡಳು, ಪ್ರತಿ ತುತ್ತನ್ನೂ ಬೆರಳಲ್ಲಿ ಉಂಡೆ ಮಾಡಿ, ಅಗಿದು. ನಡುವೆ ತಲೆಯೆತ್ತದೆ ಹೇಳಿದಳು, “ಮೆಂತ್ಯೆ ಹಾಕೀನಿ ಇವತ್ತ. ಆಯಿ ಹಾಕಂಗಿಲ್ಲಂತ.”

ಆಗ ಶರಣಪ್ಪನಿಗೆ ತಿಳಿಯಿತು. ತಟ್ಟೆ ನೋಡಿದ, ಅವಳ ಕೈ ನೋಡಿದ, ಕೊನೆಗೆ ಮೊಣಕೈಗೆ ಸರಿದ ಬಳೆಗಳನ್ನು ನೋಡಿದ. ಅವನು ಕೆಟ್ಟವನಲ್ಲ. ಹುಟ್ಟಿ ಬೆಳೆದ ಊಟಕ್ಕೆ ನಾಚಿದ, ನಾಚಿದ್ದನ್ನು ಬಿಟ್ಟಿರಲಾರದೆ ಕದ್ದು ಉಂಡ. ಬೇರೆಯವರು ಕುಡಿತವನ್ನು ಮನೆಯಿಂದ ಮುಚ್ಚಿಡುತ್ತಾರೆ, ಇವನು ನುಚ್ಚನ್ನು ಮುಚ್ಚಿಟ್ಟ. ಈಗ ನನ್ನ ಕಡೆ ತಿರುಗಿ, ಸಣ್ಣ ದನಿಯಲ್ಲಿ, “ಆಯಿ, ಈಕಿಗೆ ಇನ್ನಷ್ಟ ಮಜ್ಜಿಗಿ ಹಾಕ್ರಿ,” ಎಂದ.

“ಬಂದ ಒಯ್ಯಿ,” ಎಂದೆ. “ನನಗ ಕಿಟಕಿ ದಾಟಾಕ ಬರಂಗಿಲ್ಲ.”

ಅವನು ಎದ್ದು ಬಂದು, ಮಜ್ಜಿಗೆಯ ಚೊಂಬು ತೆಗೆದುಕೊಂಡು ಹೋಗಿ, ಅವಳ ಮುಂದಿನ ತಟ್ಟೆಗೆ ತಾನೇ ಹಾಕಿದ. ಸ್ವಲ್ಪ ಚೆಲ್ಲಿದ; ಬಡಿಸಿ ರೂಢಿಯಿಲ್ಲ. ಅವಳು ತಟ್ಟೆ ಬಳಿದು, ಕೈ ತೊಳೆದು, ಚೀಲ ತೆಗೆದುಕೊಂಡಳು. ಇಬ್ಬರೂ ಹೋದರು. ಅವಳು ಮುಂದೆ, ಅವನು ಹಿಂದೆ. ಮೇಜಿನ ಮೇಲೆ ಅವನ ಗ್ಲಾಸು ಅರ್ಧಕ್ಕೇ ನಿಂತಿತ್ತು. ಯಾದಗಿರಿ ಬಹಳ ಹೊತ್ತು ಅದನ್ನೇ ನೋಡಿದ.

ಮನೆಗೆ ಹೋಗಿ ಅವರು ಏನು ಮಾತಾಡಿದರೋ ನಾನು ಕೇಳಲಿಲ್ಲ, ಕೇಳುವುದು ನನ್ನ ಕೆಲಸವೂ ಅಲ್ಲ. ಆಮೇಲೆ ಶರಣಪ್ಪ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಬರುತ್ತಿದ್ದ. ಅಲಸಂದಿ ತಿನ್ನುತ್ತಿದ್ದ. ನುಚ್ಚು ಹಾಕಲೇ ಎಂದರೆ, “ಬ್ಯಾಡ್ರಿ ಆಯಿ, ಮನ್ಯಾಗ ಮಾಡ್ಯಾಳ. ಹೊತ್ತಾದ್ರ ಆಕಿ ಉಂಡ ಬಿಡ್ತಾಳ,” ಎಂದು ಅವಸರದಲ್ಲಿ ಏಳುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ನನಗೆ ನಗು. ನನ್ನ ಪುಂಡಿಪಲ್ಯಕ್ಕೆ ಈಗ ಚಿಟಿಕೆ ಮೆಂತ್ಯೆ ಬೀಳುತ್ತದೆ. ಹೇಗೆ ಬಂತೆಂದು ಕೇಳಿದವರಿಗೆ ನಮ್ಮ ಊರಿನ ರೀತಿ ಎನ್ನುತ್ತೇನೆ.

ಆದರೆ ಹೇಳಬೇಕಾದದ್ದು ಆ ಸಂಜೆಯದು. ಎಲ್ಲರೂ ಉಂಡೆದ್ದ ಮೇಲೆ ನಾನು ಎಂದಿನಂತೆ ಬೋಗುಣಿಯನ್ನು ಮಡಿಲಿಗೆಳೆದುಕೊಂಡು ತಳ ಕೆರೆದೆ. ಎಂದಿನಂತೆ ಕೆಂಪಗೆ ಎದ್ದಿತು, ಎಂದಿನಂತೆ ರುಚಿಯಾಗಿತ್ತು. ಆದರೆ ಉಣ್ಣುತ್ತ ಉಣ್ಣುತ್ತ ನನಗೊಂದು ಪ್ರಶ್ನೆ ಬಂತು: ನೀಲಮ್ಮನಾದರೂ ಗಂಡನಿಗೆ ಕಾದಳು. ನಾನು ಯಾರಿಗೆ ಕಾಯುತ್ತಿದ್ದೇನೆ? ಕಾಯಿಸುವವನು ಹೋಗಿ ವರ್ಷಗಳೇ ಆಗಿದ್ದವು. ಗಿರಾಕಿಗಳು ನನ್ನನ್ನು ಕಾಯಲು ಹೇಳಿರಲಿಲ್ಲ, ಯಾದಗಿರಿ ಹೇಳಿರಲಿಲ್ಲ. ಬೋಗುಣಿಯ ಮೇಲಿನ ಬಿಸಿ ನುಚ್ಚು ಹೇಗಿರುತ್ತದೆಂದು ನನಗೆ ಕಣ್ಣಿನಿಂದ ಗೊತ್ತು, ಬಾಯಿಯಿಂದ ಗೊತ್ತಿರಲಿಲ್ಲ. ಇಷ್ಟು ಜನರ ಅವ್ವಂದಿರ ಕೈರುಚಿ ನನ್ನ ಕೈಯಲ್ಲಿದೆಯೆಂದು ಹೊಗಳಿಸಿಕೊಂಡವಳು, ನನ್ನ ನುಚ್ಚನ್ನು ಬಿಸಿಯಾಗಿ ಒಮ್ಮೆಯೂ ಉಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಬೇಗ ಹೋದೆ. ಬೋಟಿ ತೊಳೆಯಲಿಲ್ಲ, ಖಾರ ರುಬ್ಬಲಿಲ್ಲ. ಮೊದಲು ನುಚ್ಚು ಇಟ್ಟೆ. ಹಬೆ ಏಳುವಾಗಲೇ ಮೇಲಿನಿಂದ ಒಂದು ದೊಡ್ಡ ಸೌಟು ತೆಗೆದು ತಟ್ಟೆಗೆ ಹಾಕಿಕೊಂಡೆ, ಮಜ್ಜಿಗೆ ಸುರಿದೆ, ಉಳ್ಳಾಗಡ್ಡಿ ಗುದ್ದಿದೆ. ತಟ್ಟೆ ಹಿಡಿದು ಬಾಗಿಲು ತಳ್ಳಿ, ಖಾಲಿ ಪರ್ಮಿಟ್ ರೂಮಿಗೆ ಹೋಗಿ, ಫ್ಯಾನು ಹಾಕಿ, ಮೂಲೆಯ ಮೇಜಿನಲ್ಲಿ ಕೂತೆ. ಗೋಡೆಗೆ ಬೆನ್ನು ಮಾಡಿ, ಬಾಗಿಲಿಗೆ ಮುಖ ಮಾಡಿ. ಯಾದಗಿರಿ ಬಂದವನು ಬಾಗಿಲಲ್ಲೇ ನಿಂತ.

“ಪೆದ್ದಮ್ಮಾ, ಇಲ್ಲೇನ ಮಾಡಾಕತ್ತಿ?”

“ಉಣ್ಣಾಕತ್ತೀನಿ,” ಎಂದೆ. “ನಿನಗ ಬೇಕಾದ್ರ ತಟ್ಟಿ ತಂದ ಹಾಕ್ಕೋ. ತಳದಾಗ ಐತಿ.”